ಮನೆಯ ಮೀಟರು, ಮಳಿಗೆಯ ಮೀಟರು: ಗೃಹಜ್ಯೋತಿಯ ಅರ್ಹತೆ ಯಾರಿಗೆ, ಎಷ್ಟು?

ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯು 2023ರ ಜುಲೈ ತಿಂಗಳ ವಿದ್ಯುತ್ ಬಳಕೆಯಿಂದ ಅನ್ವಯವಾಗುವಂತೆ ಜಾರಿಗೆ ಬಂದಿತು. ಅದೇ ವರ್ಷದ ಆಗಸ್ಟ್ 5ರಂದು ಕಲಬುರಗಿಯಲ್ಲಿ ಅದಕ್ಕೆ ವಿಧ್ಯುಕ್ತ ಚಾಲನೆ ದೊರೆಯಿತು. ಅಂದಿನಿಂದ ಇಂದಿನವರೆಗೆ ಈ ಯೋಜನೆಯ ರಾಜಕೀಯ ಲಾಭ-ನಷ್ಟಗಳ ಬಗೆಗೆ ನಡೆದಿರುವಷ್ಟು ಚರ್ಚೆ ಅದರ ನಿಯಮಗಳ ಬಗೆಗೆ ನಡೆದಿಲ್ಲ. "ಇನ್ನೂರು ಯೂನಿಟ್ ಉಚಿತ" ಎಂಬ ಮೂರು ಶಬ್ದಗಳಲ್ಲಿಯೇ ಇಡೀ ಯೋಜನೆ ಅಡಗಿದೆಯೆಂದು ಬಹುಜನರು ಭಾವಿಸಿದ್ದಾರೆ. ವಾಸ್ತವದಲ್ಲಿ ಇನ್ನೂರು ಯೂನಿಟ್ ಎಂಬುದು ಯೋಜನೆಯ ಮೇಲ್ಮಿತಿಯೇ ಹೊರತು ಪ್ರತಿ ಮನೆಯ ಹಕ್ಕಿನ ಪ್ರಮಾಣವಲ್ಲ. ಈ ಎರಡರ ನಡುವಣ ಅಂತರ ತಿಳಿಯದೆ ಹಲವರು ತಿಂಗಳು ತಿಂಗಳೂ ಬಿಲ್ಲು ಹಿಡಿದುಕೊಂಡು ಹೆಸ್ಕಾಂ ಕಚೇರಿಯ ಮೆಟ್ಟಿಲೇರುವುದನ್ನು ನಾವು ಕಾಣುತ್ತಿದ್ದೇವೆ.

ಮುಧೋಳ, ಜಮಖಂಡಿ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ವರ್ತಕರಿಗೂ ಸಣ್ಣ ಉದ್ದಿಮೆದಾರರಿಗೂ ಈ ವಿಷಯ ಇನ್ನೊಂದು ಕಾರಣದಿಂದ ಮುಖ್ಯವಾಗಿದೆ. ನಮ್ಮ ಪೇಟೆಗಳಲ್ಲಿ ಕೆಳಗೆ ಅಂಗಡಿ, ಮೇಲೆ ಮನೆ. ಮುಂದೆ ಮಗ್ಗ, ಹಿಂದೆ ಅಡುಗೆಮನೆ. ಪಡಸಾಲೆಯಲ್ಲಿ ಹೊಲಿಗೆ ಯಂತ್ರ, ಹಿತ್ತಿಲಲ್ಲಿ ಹಿಟ್ಟಿನ ಗಿರಣಿ ಇರುವುದು ಸಾಮಾನ್ಯ. ಮನೆ ಎಲ್ಲಿ ಮುಗಿಯುತ್ತದೆ, ವ್ಯವಹಾರ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಗೋಡೆ ನೋಡಿ ಹೇಳಲು ಬಾರದು, ಮೀಟರು ನೋಡಿ ಹೇಳಬೇಕು. ಆ ದೃಷ್ಟಿಯಿಂದ ಯೋಜನೆಯ ಅರ್ಹತೆಯ ನಿಯಮಗಳನ್ನೂ, ಅವುಗಳಿಂದ ವ್ಯಾಪಾರಸ್ಥರು ಅರಿತುಕೊಳ್ಳಬೇಕಾದ ಸಂಗತಿಗಳನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ.

ಅರ್ಹತೆಯ ಅಳತೆಗೋಲು: ಆದಾಯವಲ್ಲ, ಬಳಕೆ

ಗೃಹಬಳಕೆಯ ವಿದ್ಯುತ್ ಬಿಲ್ಲಿಗೆ ಸರ್ಕಾರ ನೆರವಾಗುವ ಪದ್ಧತಿ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ 1981ರಿಂದ ಇರುವ ಕೇಂದ್ರ ಯೋಜನೆಯಲ್ಲಿ ಕುಟುಂಬದ ವರಮಾನವೇ ಅರ್ಹತೆಯ ಆಧಾರ. ಬ್ರಿಟನ್ನಿನಲ್ಲಿ 2011ರಿಂದ ನಡೆದಿರುವ ಚಳಿಗಾಲದ ಬಿಲ್ಲಿನ ರಿಯಾಯಿತಿಯು ಸರ್ಕಾರದ ಕೆಲವು ನಿರ್ದಿಷ್ಟ ನೆರವುಗಳನ್ನು ಪಡೆಯುತ್ತಿರುವ ಕುಟುಂಬಗಳಿಗೆ ದೊರೆಯುತ್ತದೆ. ಅಲ್ಲಿ ಮೊದಲ ಪ್ರಶ್ನೆ "ನಿಮ್ಮ ವರಮಾನ ಎಷ್ಟು?" ಎಂಬುದು.

ಗೃಹಜ್ಯೋತಿಯಲ್ಲಿ ಆ ಪ್ರಶ್ನೆಯೇ ಇಲ್ಲ. ಬಿಪಿಎಲ್ ಪಡಿತರ ಚೀಟಿ ಬೇಕಿಲ್ಲ, ವರಮಾನ ಪ್ರಮಾಣಪತ್ರ ಬೇಕಿಲ್ಲ, ಆದಾಯ ತೆರಿಗೆ ಕಟ್ಟುವವರೆಂಬ ಕಾರಣಕ್ಕೆ ಯಾರನ್ನೂ ಹೊರಗಿಟ್ಟಿಲ್ಲ. ಇಲ್ಲಿ ಕೇಳುವ ಪ್ರಶ್ನೆಗಳು ಮೂರೇ: ಮೀಟರು ಗೃಹಬಳಕೆಯದೇ? ಅದು ಯಾರ ಆಧಾರ್ ಸಂಖ್ಯೆಗೆ ಜೋಡಣೆಯಾಗಿದೆ? 2022-23ನೇ ಸಾಲಿನಲ್ಲಿ ಆ ಮೀಟರಿನ ತಿಂಗಳ ಸರಾಸರಿ ಬಳಕೆ ಎಷ್ಟಿತ್ತು? ಅರ್ಥಾತ್ ಫಲಾನುಭವಿಯ ಅರ್ಹತೆಯನ್ನು ಅವನ ಪರವಾಗಿ ಹೇಳುವುದು ಅವನ ಮನೆಯ ಮೀಟರು. ಆದ್ದರಿಂದ ಮೀಟರಿನ ದಾಖಲೆ ಸರಿಯಿದ್ದವನಿಗೆ ಯೋಜನೆ ಸುಲಭ, ದಾಖಲೆ ಕೆಟ್ಟವನಿಗೆ ಕಷ್ಟ.

ಅರ್ಹ ಯೂನಿಟ್‌ಗಳ ಲೆಕ್ಕ

2023ರ ಜೂನ್ 5ರ ಸರ್ಕಾರಿ ಆದೇಶದ ಪ್ರಕಾರ, 2022-23ನೇ ಆರ್ಥಿಕ ವರ್ಷದ ಹನ್ನೆರಡು ತಿಂಗಳ ಬಳಕೆಯ ಸರಾಸರಿಯನ್ನು ತೆಗೆದು, ಅದಕ್ಕೆ ಶೇ. 10ರಷ್ಟನ್ನು ಕೂಡಿಸಿದಾಗ ಬರುವ ಸಂಖ್ಯೆಯೇ ಆ ಮನೆಯ ಅರ್ಹ ಯೂನಿಟ್. ಇದು ಯಾವ ಸಂದರ್ಭದಲ್ಲಿಯೂ 200ನ್ನು ಮೀರುವಂತಿಲ್ಲ. ಸರಾಸರಿ 60 ಯೂನಿಟ್ ಬಳಸಿದ ಮನೆಗೆ 66 ಯೂನಿಟ್, 140 ಬಳಸಿದ ಮನೆಗೆ 154 ಯೂನಿಟ್, 180 ಬಳಸಿದ ಮನೆಗೆ 198 ಯೂನಿಟ್ ಉಚಿತವಾಗುತ್ತದೆ.

ಕಡಿಮೆ ಬಳಸುವ ಬಡ ಕುಟುಂಬಗಳಿಗೆ ಶೇ. 10ರ ಹೆಚ್ಚಳ ತೀರ ಅಲ್ಪವಾಗುತ್ತಿದ್ದುದರಿಂದ 2024ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟವು ಒಂದು ತಿದ್ದುಪಡಿ ಮಾಡಿತು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವವರಿಗೆ ಶೇ. 10ರ ಬದಲು 10 ಯೂನಿಟ್‌ಗಳನ್ನೇ ಹೆಚ್ಚುವರಿಯಾಗಿ ಕೊಡುವುದೆಂದು ತೀರ್ಮಾನವಾಯಿತು. ತಿಂಗಳಿಗೆ 30 ಯೂನಿಟ್ ಬಳಸುತ್ತಿದ್ದ ಮನೆಗೆ ಹಳೆಯ ಲೆಕ್ಕದಲ್ಲಿ 33 ಯೂನಿಟ್ ಸಿಗುತ್ತಿದ್ದರೆ ತಿದ್ದುಪಡಿಯ ನಂತರದ ಲೆಕ್ಕದಲ್ಲಿ 40 ಯೂನಿಟ್ ಆಗುತ್ತದೆ. ಹಿಂದಿನ ಭಾಗ್ಯಜ್ಯೋತಿ, ಕುಟೀರಜ್ಯೋತಿ ಹಾಗೂ ಅಮೃತಜ್ಯೋತಿ ಯೋಜನೆಗಳ ಫಲಾನುಭವಿಗಳನ್ನು ಗೃಹಜ್ಯೋತಿಯಲ್ಲಿಯೇ ವಿಲೀನಗೊಳಿಸಲಾಗಿದೆ.

ಹೊಸದಾಗಿ ಕಟ್ಟಿದ ಮನೆಗೆ 2022-23ರ ದಾಖಲೆ ಇರಲು ಸಾಧ್ಯವಿಲ್ಲ. ಅಂಥವರಿಗೆ ರಾಜ್ಯದ ಸರಾಸರಿ ಬಳಕೆಯಾದ 53 ಯೂನಿಟ್‌ಗೆ ಶೇ. 10 ಸೇರಿಸಿ 58 ಯೂನಿಟ್ ನಿಗದಿ ಮಾಡಲಾಯಿತು. ಹೊಸ ಮನೆ ಕಟ್ಟಿದವರಿಗೆ ಇನ್ನೂರು ಯೂನಿಟ್ ಏಕೆ ಮನ್ನಾ ಆಗಲಿಲ್ಲವೆಂಬ ಪ್ರಶ್ನೆಗೆ ಉತ್ತರ ಇದೇ.

ಮೂರು ಹಂತಗಳು, ಒಂದು ಕಂದಕ

ಪ್ರತಿ ತಿಂಗಳ ಬಿಲ್ಲನ್ನು ಮೂರು ಹಂತಗಳಲ್ಲಿ ಅರ್ಥಮಾಡಿಕೊಳ್ಳಬೇಕು.

1. ಬಳಕೆಯು ಅರ್ಹ ಯೂನಿಟ್‌ನೊಳಗೆ ಇದ್ದರೆ ಬಿಲ್ಲು ಶೂನ್ಯ.

2. ಬಳಕೆಯು ಅರ್ಹ ಯೂನಿಟ್‌ ಮೀರಿ 200ರೊಳಗೆ ಇದ್ದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಹಣ ಕಟ್ಟಬೇಕು.

3. ಬಳಕೆಯು 200 ಯೂನಿಟ್ ಮೀರಿದರೆ ಆ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕು.

ಇದನ್ನು ಅಂಕಿಗಳಲ್ಲಿ ನೋಡೋಣ. 2024-25ನೇ ಸಾಲಿಗೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಗೃಹಬಳಕೆಗೆ ಯೂನಿಟ್‌ಗೆ ರೂ. 5.90ರಂತೆ ಏಕರೂಪದ ದರವನ್ನೂ, ಪ್ರತಿ ಕಿಲೋವ್ಯಾಟ್‌ಗೆ ರೂ. 120 ನಿಗದಿತ ಶುಲ್ಕವನ್ನೂ ಗೊತ್ತುಮಾಡಿತ್ತು. ದರಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಓದುಗರು ಇಲ್ಲಿ ಲೆಕ್ಕದ ರೀತಿಯನ್ನು ಗಮನಿಸಿದರೆ ಸಾಕು. ತೆರಿಗೆ ಹಾಗೂ ಇಂಧನ ವೆಚ್ಚದ ಹೊಂದಾಣಿಕೆ ಶುಲ್ಕಗಳನ್ನು ಸದ್ಯಕ್ಕೆ ಬದಿಗಿಡಲಾಗಿದೆ.

ಎರಡು ಕಿಲೋವ್ಯಾಟ್ ಮಂಜೂರಾತಿ ಇರುವ, 154 ಅರ್ಹ ಯೂನಿಟ್‌ಗಳ ಒಂದು ಮನೆಯೆಂದು ಭಾವಿಸೋಣ. ಒಂದು ತಿಂಗಳಲ್ಲಿ 150 ಯೂನಿಟ್ ಬಳಸಿದರೆ ಕಟ್ಟುವುದು ಏನೂ ಇಲ್ಲ. 190 ಬಳಸಿದರೆ ಹೆಚ್ಚುವರಿ 36 ಯೂನಿಟ್‌ಗೆ ರೂ. 212.40. ಸರಿಯಾಗಿ 200 ಬಳಸಿದರೆ 46 ಯೂನಿಟ್‌ಗೆ ರೂ. 271.40. ಆದರೆ 201 ಯೂನಿಟ್ ಆದೊಡನೆ ಬಳಕೆಯ ಮೊತ್ತ ರೂ. 1,185.90, ನಿಗದಿತ ಶುಲ್ಕ ರೂ. 240, ಒಟ್ಟು ರೂ. 1,425.90 ಆಗುತ್ತದೆ. ಕಡೆಯ ಆ ಒಂದು ಯೂನಿಟ್‌ನ ಬೆಲೆ ರೂ. 1,154.50! ಬೇಸಿಗೆಯಲ್ಲಿ ಏರ್ ಕೂಲರ್ ಇಡೀ ರಾತ್ರಿ ಓಡುವ ನಮ್ಮ ಭಾಗದಲ್ಲಿ ಮಾರ್ಚ್‌ನಿಂದ ಮೇ ವರೆಗಿನ ತಿಂಗಳುಗಳಲ್ಲಿ ಎಷ್ಟೋ ಮನೆಗಳು ಈ ಕಂದಕಕ್ಕೆ ಬೀಳುವುದು ಅರಿವಿಲ್ಲದೆಯೇ. ತಿಂಗಳ ಇಪ್ಪತ್ತನೆಯ ದಿನಕ್ಕೊಮ್ಮೆ ಮೀಟರು ನೋಡಿ ಹಿಂದಿನ ಬಿಲ್ಲಿನ ಅಂಕಿಯನ್ನು ಕಳೆಯುವುದು ಅಂಗಡಿಯ ಗಲ್ಲಾ ಎಣಿಸುವುದಕ್ಕಿಂತ ಕಷ್ಟದ ಕೆಲಸವಲ್ಲ. ಆ ರೂಢಿ ಇದ್ದ ಮನೆಗೆ ಈ ಅಪಾಯವಿಲ್ಲ.

ಇದೇ ಸಂದರ್ಭದಲ್ಲಿ ಯೋಜನೆಯ ಒಂದು ನ್ಯೂನತೆಯನ್ನೂ ಹೇಳುವುದು ಅವಶ್ಯ. ಹಿಂದೆ ಮಿತವಾಗಿ ಬಳಸಿದವನಿಗೆ ಕಡಿಮೆ, ಧಾರಾಳವಾಗಿ ಬಳಸಿದವನಿಗೆ ಹೆಚ್ಚು ಎಂಬುದು ಸರಾಸರಿಯ ನಿಯಮದ ಪರಿಣಾಮ. ಬಳಕೆ ಅನಗತ್ಯವಾಗಿ ಏರದಿರಲೆಂಬುದು ಇದರ ಉದ್ದೇಶವೆಂದು ಊಹಿಸಬಹುದು. ಆ ಉದ್ದೇಶ ಸಮ್ಮತವೇ. ಆದರೆ 2022-23ರಲ್ಲಿ ಇಬ್ಬರಿದ್ದ ಮನೆಯಲ್ಲಿ ಮದುವೆ, ಮಕ್ಕಳಾಗಿ ಈಗ ಐವರಿದ್ದರೆ ಅವರ ಅಗತ್ಯ ಬದಲಾಗಿದ್ದರೂ ಅರ್ಹತೆಯ ಸಂಖ್ಯೆಗೆ ಅದು ಕಾಣದು. ತಮಿಳುನಾಡಿನಲ್ಲಿ 2016ರಿಂದ ಎಲ್ಲ ಗೃಹಬಳಕೆದಾರರಿಗೂ ಎರಡು ತಿಂಗಳಿಗೊಮ್ಮೆ ಮೊದಲ 100 ಯೂನಿಟ್ ಉಚಿತವಿದೆ. ಅಲ್ಲಿ ಮಿತಿ ದಾಟಿದರೂ ಆ ನೂರು ಯೂನಿಟ್ ಕೈತಪ್ಪುವುದಿಲ್ಲ. ದೆಹಲಿಯಲ್ಲಿ 2019ರ ಆಗಸ್ಟ್‌ನಲ್ಲಿ 200 ಯೂನಿಟ್‌ವರೆಗೆ ಪೂರ್ಣ ಮನ್ನಾ ತಂದಾಗ, 201ರಿಂದ 400ರವರೆಗೆ ಬಳಸುವವರಿಗೂ ಮಿತಿಗೊಳಪಟ್ಟ ಅರ್ಧ ರಿಯಾಯಿತಿ ಇರಿಸಲಾಯಿತು. ಕಂದಕದ ಜಾಗದಲ್ಲಿ ಮೆಟ್ಟಿಲು ಕಟ್ಟಲು ಸಾಧ್ಯವೆಂಬುದಕ್ಕೆ ಇವು ನಿದರ್ಶನಗಳು. ವಾಣಿಜ್ಯ ಸಂಸ್ಥೆಗಳು ಸರ್ಕಾರಕ್ಕೆ ಮನವಿ ಸಲ್ಲಿಸುವಾಗ ಈ ಅಂಶವನ್ನು ಪರಿಗಣಿಸಬಹುದು.

ಒಂದು ಸೂರಿನಡಿ ಮನೆ ಮತ್ತು ವ್ಯವಹಾರ

ಗೃಹಜ್ಯೋತಿಯು ಗೃಹಬಳಕೆಯ ಸಂಪರ್ಕಕ್ಕೆ ಮಾತ್ರ ಅನ್ವಯ. ವಾಣಿಜ್ಯ ಹಾಗೂ ಕೈಗಾರಿಕಾ ಸಂಪರ್ಕಗಳಿಗೆ ಇಲ್ಲ. ಹಾಗಾದರೆ ಮನೆಯಲ್ಲಿಯೇ ಸಣ್ಣ ಉದ್ಯೋಗ ಮಾಡುವವರ ಗತಿಯೇನು? ಇಲ್ಲಿ ಆಯೋಗದ ದರಪಟ್ಟಿಯ ಒಂದು ಪರಿಚ್ಛೇದ ನಮ್ಮವರಿಗೆ ಬಹಳ ಉಪಯುಕ್ತವಾಗಿದ್ದರೂ ಅದನ್ನು ಓದಿದವರು ವಿರಳ.

ವಾಸದ ಮನೆಯ ಒಂದು ಭಾಗವನ್ನು ಅಲ್ಲಿ ವಾಸಿಸುವವರೇ ಕೆಲವು ನಿರ್ದಿಷ್ಟ ಉದ್ಯೋಗಗಳಿಗೆ ಬಳಸಿಕೊಂಡರೂ ಆ ಸಂಪರ್ಕವನ್ನು ಗೃಹಬಳಕೆಯೆಂದೇ ಪರಿಗಣಿಸುವ ಅವಕಾಶ ದರಪಟ್ಟಿಗಳಲ್ಲಿ ಬಹುಕಾಲದಿಂದ ಬಂದಿದೆ. ಕೈಮಗ್ಗದ ನೇಯ್ಗೆ, ರೇಷ್ಮೆ ಸಾಕಾಣಿಕೆ, 200 ವ್ಯಾಟ್‌ವರೆಗಿನ ಮೋಟಾರು ಬಳಸುವ ಕುಶಲಕರ್ಮಿಗಳ ಕೆಲಸ, ಹೊಲಿಗೆ, ಅಕ್ಕಸಾಲಿಕೆ, ಬಟ್ಟೆ ಒಗೆಯುವ ವೃತ್ತಿ, ಬೆರಳಚ್ಚು, ಕೈಯಿಂದ ನಡೆಸುವ ಮುದ್ರಣ ಯಂತ್ರ, ವೈದ್ಯರು, ವಕೀಲರು, ಲೆಕ್ಕಪರಿಶೋಧಕರು ಮುಂತಾದವರ ಸಲಹಾ ವೃತ್ತಿ, ಒಂದು ಅಶ್ವಶಕ್ತಿಯವರೆಗಿನ ಮೇವು ಕತ್ತರಿಸುವ ಯಂತ್ರ ಹಾಗೂ ಹಾಲು ಕರೆಯುವ ಯಂತ್ರ, ಇವು ಆ ಪಟ್ಟಿಯಲ್ಲಿವೆ. ಆಯಾ ವರ್ಷದ ದರಪಟ್ಟಿಯನ್ನು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಈ ಪಟ್ಟಿಯಲ್ಲಿ ಏನಿದೆಯೋ ಅಷ್ಟೇ ಮುಖ್ಯವಾದುದು ಏನಿಲ್ಲವೆಂಬುದು. ಕಿರಾಣಿ ಅಂಗಡಿ ಇಲ್ಲ, ಹೋಟೆಲು ಇಲ್ಲ, ಹಿಟ್ಟಿನ ಗಿರಣಿ ಇಲ್ಲ, ವಿದ್ಯುತ್ ಮಗ್ಗ ಇಲ್ಲ. ಮನೆಯ ಮೂಲೆಯಲ್ಲಿ ಕೈಮಗ್ಗ ಇಟ್ಟ ನೇಕಾರ ಗೃಹಬಳಕೆಯವನು. ಅದೇ ಮೂಲೆಯಲ್ಲಿ ವಿದ್ಯುತ್ ಮಗ್ಗ ಇಟ್ಟೊಡನೆ ಅವನ ಆ ಸಂಪರ್ಕ ಕೈಗಾರಿಕೆಯದು. ಮನೆಯಲ್ಲಿ ಕುಳಿತು ಬಟ್ಟೆ ಹೊಲಿಯುವವರು ಗೃಹಬಳಕೆಯವರು. ಮನೆಯ ಮುಂಭಾಗದಲ್ಲಿ ಫ್ರಿಜ್ ಇಟ್ಟು ತಂಪು ಪಾನೀಯ ಮಾರುವವರು ವಾಣಿಜ್ಯದವರು.

ವಿದ್ಯುತ್ ಮಗ್ಗಗಳಿಗೆ ಬೇರೆಯೇ ನೆರವು

ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳ ನೇಕಾರ ಉದ್ದಿಮೆದಾರರು ಇಲ್ಲಿ ಎದೆಗುಂದಬೇಕಿಲ್ಲ. ಅವರ ಮಗ್ಗದ ಸಂಪರ್ಕಕ್ಕೆ ಕೈಮಗ್ಗ ಮತ್ತು ಜವಳಿ ಇಲಾಖೆಯ ಮೂಲಕ ಬೇರೆಯೇ ರಿಯಾಯಿತಿ ಇದೆ. 20 ಅಶ್ವಶಕ್ತಿಯವರೆಗಿನ ಘಟಕಗಳಿಗೆ ಯೂನಿಟ್‌ಗೆ ರೂ. 1.25ರ ರಿಯಾಯಿತಿ ದರ ಹಿಂದಿನಿಂದ ಇತ್ತು. 2023ರ ನವೆಂಬರ್ 1ರಿಂದ ಜಾರಿಯಾದ ಆದೇಶದಲ್ಲಿ, 10 ಅಶ್ವಶಕ್ತಿಯವರೆಗಿನ ವಿದ್ಯುತ್ ಮಗ್ಗ ಘಟಕಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ತನ್ನೂ, 10ಕ್ಕಿಂತ ಹೆಚ್ಚು 20 ಅಶ್ವಶಕ್ತಿಯವರೆಗಿನ ಘಟಕಗಳಿಗೆ ತಿಂಗಳಿಗೆ 500 ಯೂನಿಟ್‌ವರೆಗೆ ರೂ. 1.25ರ ದರವನ್ನೂ ಒದಗಿಸಲಾಯಿತು.

ಇದರ ತಾತ್ಪರ್ಯ ಸ್ಪಷ್ಟ. ಮಗ್ಗಕ್ಕೆ ಒಂದು ಮೀಟರು, ಮನೆಗೆ ಒಂದು ಮೀಟರು ಇಟ್ಟುಕೊಂಡ ಸಣ್ಣ ನೇಕಾರನಿಗೆ ಮಗ್ಗದ ಮೀಟರಿನ ಮೇಲೆ ಜವಳಿ ಇಲಾಖೆಯ ನೆರವು, ಮನೆಯ ಮೀಟರಿನ ಮೇಲೆ ಗೃಹಜ್ಯೋತಿ, ಹೀಗೆ ಎರಡೂ ನೆರವುಗಳಿಗೆ ದಾರಿ ತೆರೆದಿರುತ್ತದೆ. ಎರಡನ್ನೂ ಒಂದೇ ಮೀಟರಿಗೆ ಸೇರಿಸಿಕೊಂಡವನು ಗೃಹಜ್ಯೋತಿಯ ಅರ್ಹತೆಯನ್ನು ಕಳೆದುಕೊಳ್ಳುತ್ತಾನೆ. ಜೊತೆಗೆ ಅಡುಗೆಮನೆಯ ಬಳಕೆಯೂ ಮಗ್ಗದ ಯೂನಿಟ್ ಮಿತಿಯಲ್ಲಿ ಸೇರಿ ಆ ಮಿತಿ ಬೇಗ ತುಂಬುತ್ತದೆ. ಎರಡನೆಯ ಮೀಟರಿಗೆ ತಗಲುವ ಠೇವಣಿಯನ್ನು ಖರ್ಚೆಂದು ಎಣಿಸದೆ ಬಂಡವಾಳವೆಂದು ಎಣಿಸುವುದು ಲೇಸು.

ಅಡ್ಡದಾರಿಯ ಬೆಲೆ

ಶೂನ್ಯ ಬಿಲ್ಲಿನ ಮನೆ ಮೀಟರಿನಿಂದ ಒಂದು ತಂತಿ ಎಳೆದು ಅಂಗಡಿಯ ದೀಪ, ಫ್ರಿಜ್‌ಗಳನ್ನು ನಡೆಸಬೇಕೆಂಬ ಆಸೆ ಕೆಲವರಿಗೆ ಸಹಜವಾಗಿಯೇ ಬರುತ್ತದೆ. ಅಂಥವರು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮನ್ನು ಒಮ್ಮೆ ಓದಬೇಕು. ಯಾವ ಉದ್ದೇಶಕ್ಕೆ ವಿದ್ಯುತ್ ಮಂಜೂರಾಗಿದೆಯೋ ಅದಕ್ಕಿಂತ ಬೇರೆ ಉದ್ದೇಶಕ್ಕೆ ಬಳಸುವುದನ್ನು ಈ ಕಲಮು "ಅನಧಿಕೃತ ಬಳಕೆ" ಎಂದು ಕರೆಯುತ್ತದೆ. ಅಂಥ ಬಳಕೆಗೆ ಅನ್ವಯವಾಗುವ ದರದ ಎರಡು ಪಟ್ಟು ವಸೂಲಿ ಮಾಡಬಹುದು. ಎಂದಿನಿಂದ ನಡೆದಿದೆಯೆಂದು ಗೊತ್ತಾಗದಿದ್ದರೆ ತಪಾಸಣೆಯ ದಿನದಿಂದ ಹಿಂದಿನ ಹನ್ನೆರಡು ತಿಂಗಳಿಗೆ ಲೆಕ್ಕ ಹಾಕಲಾಗುತ್ತದೆ.

ಒಂದು ಉದಾಹರಣೆ ನೋಡೋಣ. ಮನೆಯ ಮೀಟರಿನಲ್ಲಿ ತಿಂಗಳಿಗೆ 160 ಯೂನಿಟ್ ಬಳಕೆಯಿದ್ದು ಅದರಲ್ಲಿ 60 ಯೂನಿಟ್ ಅಂಗಡಿಯದೆಂದೂ, ವಾಣಿಜ್ಯ ದರ ಯೂನಿಟ್‌ಗೆ ರೂ. 8 ಎಂದೂ ಇಟ್ಟುಕೊಳ್ಳೋಣ. ಅಡ್ಡದಾರಿಯಿಂದ ವರ್ಷಕ್ಕೆ ಉಳಿದದ್ದು 720 ಯೂನಿಟ್‌ನ ರೂ. 5,760. ತಪಾಸಣೆ ನಡೆದಾಗ ಅಂಗಡಿಯ ಬಳಕೆ ಎಷ್ಟು, ಮನೆಯದೆಷ್ಟು ಎಂದು ಬೇರ್ಪಡಿಸಿ ತೋರಿಸುವ ಮೀಟರು ಇರುವುದಿಲ್ಲ. ಇಡೀ 1,920 ಯೂನಿಟ್ ಲೆಕ್ಕಕ್ಕೆ ಬಂದರೆ ರೂ. 16ರಂತೆ ರೂ. 30,720 ತೆರಬೇಕಾದೀತು. ಅಂತಿಮ ಆದೇಶದ ವಿರುದ್ಧ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು 127ನೇ ಕಲಮಿನಲ್ಲಿ ಅವಕಾಶವಿದೆ, ಆದರೆ ಅದಕ್ಕೆ ಮೊದಲು ಅರ್ಧ ಮೊತ್ತವನ್ನು ಕಟ್ಟಬೇಕು. "ಗೊತ್ತಿಲ್ಲದೆ ಆಯಿತು" ಎಂಬ ಸಮಜಾಯಿಷಿಯೂ ಇಲ್ಲಿ ನಡೆಯದು. ಒಡಿಶಾದ ಸೀತಾರಾಮ್ ರೈಸ್ ಮಿಲ್ ಪ್ರಕರಣದಲ್ಲಿ 2011ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, 126ನೇ ಕಲಮಿನ ಅನಧಿಕೃತ ಬಳಕೆಯು 135ನೇ ಕಲಮಿನ ವಿದ್ಯುತ್ ಕಳವಿಗಿಂತ ಬೇರೆಯೆಂದೂ, ಅದಕ್ಕೆ ಅಪ್ರಾಮಾಣಿಕ ಉದ್ದೇಶ ಇರಬೇಕೆಂದಿಲ್ಲವೆಂದೂ ಸ್ಪಷ್ಟಪಡಿಸಿದೆ.

ಬಾಡಿಗೆದಾರರು ಮತ್ತು ಮನೆಯ ಮಾಲೀಕರು

ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಹರು. ಮನೆಯ ಮೀಟರಿನ ಸಂಖ್ಯೆ, ತಮ್ಮ ಆಧಾರ್, ಹಾಗೂ ಆ ವಿಳಾಸದಲ್ಲಿ ವಾಸವಿರುವುದಕ್ಕೆ ಬಾಡಿಗೆ ಕರಾರುಪತ್ರ ಅಥವಾ ಮತದಾರರ ಗುರುತಿನ ಚೀಟಿ ಇದ್ದರೆ ಸಾಕು. ಒಂದೇ ಕಟ್ಟಡದಲ್ಲಿ ನಾಲ್ಕು ಮನೆಗಳಿದ್ದು ನಾಲ್ಕು ಮೀಟರುಗಳಿದ್ದರೆ ನಾಲ್ಕು ಕುಟುಂಬಗಳೂ ಬೇರೆ ಬೇರೆಯಾಗಿ ನೋಂದಾಯಿಸಬಹುದು. ಆದರೆ ಒಬ್ಬ ಮಾಲೀಕನು ತನ್ನ ಹೆಸರಿನಲ್ಲಿ ನಾಲ್ಕು ಮೀಟರುಗಳಿವೆಯೆಂದು ನಾಲ್ಕಕ್ಕೂ ತಾನೇ ಸೌಲಭ್ಯ ಪಡೆಯುವಂತಿಲ್ಲ. ಒಬ್ಬ ಗ್ರಾಹಕನಿಗೆ ಒಂದೇ ಮೀಟರು ಎಂಬುದು ನಿಯಮ.

ನಮ್ಮ ಪೇಟೆಗಳ ಹಮಾಲರು, ಅಂಗಡಿಗಳ ಗುಮಾಸ್ತರು, ಸಕ್ಕರೆ ಕಾರ್ಖಾನೆಗಳ ಕೆಲಸಗಾರರು, ಮಗ್ಗದ ಕೂಲಿಕಾರರಲ್ಲಿ ಬಹಳಷ್ಟು ಮಂದಿ ಬಾಡಿಗೆ ಮನೆಗಳಲ್ಲಿದ್ದಾರೆ. ಆ ಮನೆಗಳ ಮಾಲೀಕರಲ್ಲಿ ಅನೇಕರು ಈ ಪತ್ರಿಕೆಯ ಓದುಗರೇ ಆಗಿರುತ್ತಾರೆ. ಕರಾರುಪತ್ರ ಬರೆದುಕೊಟ್ಟರೆ ಬಾಡಿಗೆದಾರನಿಗೆ ಮನೆಯ ಮೇಲೆ ಹಕ್ಕು ಬರುವುದೆಂಬ ಹೆದರಿಕೆಯಿಂದಲೋ, ಬಾಡಿಗೆಯ ಆದಾಯ ಬಯಲಾಗುವುದೆಂಬ ಸಂಕೋಚದಿಂದಲೋ ಕೆಲವರು ಸಹಿ ಹಾಕಲು ಹಿಂಜರಿಯುತ್ತಾರೆ. ಮೊದಲನೆಯ ಹೆದರಿಕೆಗೆ ಆಧಾರವಿಲ್ಲ. ಅವಧಿ, ಬಾಡಿಗೆ, ಷರತ್ತುಗಳನ್ನು ಸ್ಪಷ್ಟವಾಗಿ ಬರೆದ ಕರಾರು ಮಾಲೀಕನಿಗೇ ರಕ್ಷಣೆ. ಎರಡನೆಯದಕ್ಕೆ ಹೇಳಬೇಕಾದ್ದು ಇಷ್ಟೇ: ಬಾಡಿಗೆಯ ಆದಾಯವನ್ನು ತೋರಿಸಲೇಬೇಕು, ಮತ್ತು ಪುರಸಭೆಯ ತೆರಿಗೆಯನ್ನು ಕಳೆದುಳಿದ ಮೊತ್ತದಲ್ಲಿ ಶೇ. 30ನ್ನು ದುರಸ್ತಿ ಮುಂತಾದವುಗಳ ಬಾಬ್ತು ಕಾನೂನೇ ಬಿಟ್ಟುಕೊಡುತ್ತದೆ. ಮಾಲೀಕನ ಒಂದು ಸಹಿ ಇಲ್ಲದ ಕಾರಣ ದಿನಗೂಲಿಯವನೊಬ್ಬ ತಿಂಗಳಿಗೆ ನಾಲ್ಕೈದು ನೂರು ರೂಪಾಯಿ ಕಳೆದುಕೊಳ್ಳುವುದು ನ್ಯಾಯವಲ್ಲ.

ಇನ್ನು ಕೆಲವೆಡೆ ಇಡೀ ವಠಾರಕ್ಕೆ ಒಂದೇ ಮೀಟರಿದ್ದು ಒಳಗೆ ಖಾಸಗಿ ಉಪಮೀಟರುಗಳಿರುತ್ತವೆ. ಮೂರು ಕುಟುಂಬಗಳ ಬಳಕೆ ಕೂಡಿ 200 ದಾಟುವುದರಿಂದ ಯಾರಿಗೂ ಯೋಜನೆಯ ಲಾಭವಿಲ್ಲ. 200ರೊಳಗೆ ಇದ್ದು ಬಿಲ್ಲು ಶೂನ್ಯವಾದರೂ ಬಾಡಿಗೆದಾರರಿಂದ ಯೂನಿಟ್ ಲೆಕ್ಕದಲ್ಲಿ ಹಣ ಪಡೆಯುವ ಮಾಲೀಕರೂ ಇಲ್ಲದಿಲ್ಲ. ಸರ್ಕಾರ ತುಂಬಿದ ಹಣವನ್ನು ಮತ್ತೊಮ್ಮೆ ಬಡವನಿಂದ ವಸೂಲಿ ಮಾಡುವ ಈ ಪದ್ಧತಿ ವರ್ತಕ ಧರ್ಮಕ್ಕೆ ಒಪ್ಪುವಂಥದಲ್ಲ. ಪ್ರತಿ ಮನೆಗೂ ಪ್ರತ್ಯೇಕ ಮೀಟರು ಹಾಕಿಸುವುದೇ ಇದಕ್ಕೆ ಸರಿಯಾದ ಪರಿಹಾರ.

ಮನೆ ಬದಲಿಸಿದ ಬಾಡಿಗೆದಾರರ ಆಧಾರ್ ಹಳೆಯ ಮನೆಯ ಮೀಟರಿಗೇ ಅಂಟಿಕೊಂಡಿದ್ದು ಹೊಸ ಮನೆಗೆ ನೋಂದಾಯಿಸಲು ಮೊದಲು ತೊಡಕಾಗುತ್ತಿತ್ತು. 2024ರಲ್ಲಿ ಸೇವಾ ಸಿಂಧು ಪೋರ್ಟಲ್‌ನಲ್ಲಿ ಹಳೆಯ ಜೋಡಣೆಯನ್ನು ಕಳಚುವ ಡಿ-ಲಿಂಕ್ ಅವಕಾಶ ಕಲ್ಪಿಸಿದ ಮೇಲೆ ಈ ತೊಡಕು ನಿವಾರಣೆಯಾಗಿದೆ. ಮನೆ ಬಿಡುವಾಗ ಬೀಗದ ಕೈ ಒಪ್ಪಿಸುವಂತೆಯೇ ಈ ಜೋಡಣೆಯನ್ನೂ ಕಳಚಿ ಹೋಗುವ ರೂಢಿ ಬೆಳೆಯಬೇಕು.

ಲೆಕ್ಕಪುಸ್ತಕ ಮತ್ತು ತೆರಿಗೆ

ಈ ನೆರವಿನ ತೆರಿಗೆಯ ಪರಿಣಾಮವನ್ನು ಕಕ್ಷಿದಾರರು ಆಗಾಗ ಕೇಳುವುದುಂಟು. ಮುಖ್ಯ ಅಂಶಗಳು ಹೀಗಿವೆ.

ಒಂದು: ಸರ್ಕಾರದ ಸಹಾಯಧನ, ರಿಯಾಯಿತಿಗಳನ್ನು ಆದಾಯವೆಂದು ಪರಿಗಣಿಸುವ ನಿಯಮವನ್ನು 2015ರ ಹಣಕಾಸು ಕಾಯ್ದೆಯ ಮೂಲಕ 1961ರ ಆದಾಯ ತೆರಿಗೆ ಕಾಯ್ದೆಗೆ ಸೇರಿಸಲಾಯಿತು. ಆಗ ಅಡುಗೆ ಅನಿಲದ ಸಹಾಯಧನಕ್ಕೂ ತೆರಿಗೆಯೇ ಎಂಬ ಗೊಂದಲ ಎದ್ದು, ವ್ಯಕ್ತಿಗಳಿಗೆ ವೈಯಕ್ತಿಕವಾಗಿ ದೊರೆಯುವ ಅಂಥ ಜನಕಲ್ಯಾಣದ ನೆರವುಗಳಿಗೆ ತೆರಿಗೆಯಿಲ್ಲವೆಂದು ಕೇಂದ್ರ ನೇರ ತೆರಿಗೆ ಮಂಡಳಿಯು ಅದೇ ವರ್ಷದ ಮೇ ತಿಂಗಳಲ್ಲಿ ಸ್ಪಷ್ಟೀಕರಣ ನೀಡಿತು. ಮನೆಯ ಬಿಲ್ಲಿನ ಗೃಹಜ್ಯೋತಿ ಈ ಬಗೆಯದೇ.

ಎರಡು: ವಿದ್ಯುತ್ ಮಗ್ಗದ ರಿಯಾಯಿತಿ ವ್ಯವಹಾರಕ್ಕೆ ಸಂಬಂಧಿಸಿದ್ದು. ಅಲ್ಲಿ ನಿವ್ವಳವಾಗಿ ಕಟ್ಟಿದ ಮೊತ್ತವನ್ನಷ್ಟೇ ಖರ್ಚಿಗೆ ಬರೆಯಬೇಕು. ಪೂರ್ತಿ ಬಿಲ್ಲನ್ನು ಖರ್ಚಿಗೆ ಹಾಕಿ ರಿಯಾಯಿತಿಯನ್ನು ಜಮೆಗೆ ತೋರಿಸಿದರೂ ಲಾಭ ಅಷ್ಟೇ ಬರುತ್ತದೆ. ಪೂರ್ತಿ ಬಿಲ್ಲು ಖರ್ಚಿಗೆ ಹಾಕಿ ಜಮೆ ಮರೆತರೆ ಮಾತ್ರ ಲೆಕ್ಕ ತಪ್ಪಾಗುತ್ತದೆ.

ಮೂರು: ಮನೆಯಿಂದಲೇ ವೃತ್ತಿ ನಡೆಸುವವರು ಮನೆಯ ವಿದ್ಯುತ್ ಬಿಲ್ಲಿನ ಒಂದು ಪಾಲನ್ನು ವೃತ್ತಿಯ ಖರ್ಚೆಂದು ಬರೆಯುವ ರೂಢಿಯಿದೆ. ಬಿಲ್ಲೇ ಶೂನ್ಯವಾದಾಗ ಕಟ್ಟದ ಹಣವನ್ನು ಖರ್ಚೆಂದು ಬರೆಯಲಾಗದು. ಹಿಂದಿನ ವರ್ಷದ ನಮೂನೆಯನ್ನೇ ನಕಲು ಮಾಡುವ ಗುಮಾಸ್ತರಿಗೆ ಇದನ್ನು ಹೇಳಿಡಬೇಕು.

ನಾಲ್ಕು: ವರ್ಷದಲ್ಲಿ ಒಂದು ಲಕ್ಷ ರೂಪಾಯಿಗಿಂತ ಹೆಚ್ಚು ವಿದ್ಯುತ್ ಬಿಲ್ಲು ಕಟ್ಟಿದ ವ್ಯಕ್ತಿಯು ಆದಾಯ ಮಿತಿಯೊಳಗಿದ್ದರೂ ವಿವರಣಪತ್ರ ಸಲ್ಲಿಸಬೇಕೆಂಬ ನಿಯಮ 2019ರಲ್ಲಿ ಬಂದಿದೆ. ಬಾಡಿಗೆದಾರರ ಬಿಲ್ಲುಗಳನ್ನೆಲ್ಲ ತಾವೇ ಕಟ್ಟುವ ಮಾಲೀಕರು ಇದನ್ನು ಗಮನದಲ್ಲಿಡಬೇಕು.

ಇನ್ನೂರು ದಾಟುವವರಿಗೆ ಇನ್ನೊಂದು ದಾರಿ

ದೊಡ್ಡ ಕುಟುಂಬದ, ಪ್ರತಿ ತಿಂಗಳೂ 200 ಯೂನಿಟ್ ಮೀರುವ ಮನೆಗಳಿಗೆ ಗೃಹಜ್ಯೋತಿಯಿಂದ ಪ್ರಯೋಜನವಿಲ್ಲ. ಅಂಥವರಿಗೆ ಕೇಂದ್ರ ಸರ್ಕಾರವು 2024ರ ಫೆಬ್ರವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆ ಉಚಿತವಾದೀತು. ಅದರಲ್ಲಿ ಸೌರಫಲಕಗಳಿಗೆ ಎರಡು ಕಿಲೋವ್ಯಾಟ್‌ವರೆಗೆ ಪ್ರತಿ ಕಿಲೋವ್ಯಾಟ್‌ಗೆ ರೂ. 30,000, ಮೂರು ಕಿಲೋವ್ಯಾಟ್ ಹಾಗೂ ಹೆಚ್ಚಿನದಕ್ಕೆ ಒಟ್ಟು ರೂ. 78,000 ಸಹಾಯಧನ ನಿಗದಿಯಾಯಿತು. ಸ್ವಂತ ಮನೆ, ಫಲಕ ಕೂರಿಸಲು ತಕ್ಕ ಮಾಳಿಗೆ, ಚಾಲ್ತಿಯ ವಿದ್ಯುತ್ ಸಂಪರ್ಕ ಇರಬೇಕು, ಸೌರಫಲಕಕ್ಕೆ ಹಿಂದೆ ಬೇರೆ ಸಹಾಯಧನ ಪಡೆದಿರಬಾರದು. ಬಿಲ್ಲು ಶೂನ್ಯವಾಗಿರುವ ಮನೆಗೆ ಈ ಬಂಡವಾಳ ಲಾಭದಾಯಕವಲ್ಲ. ಪೂರ್ತಿ ಬಿಲ್ಲು ಕಟ್ಟುವ ಮನೆಗೆ ಲೆಕ್ಕ ಹಾಕಿ ನೋಡಬೇಕಾದ್ದು.

ಈಗಲೇ ಮಾಡಬೇಕಾದ ಕೆಲಸ

ಗೃಹಜ್ಯೋತಿಗೆ ಇನ್ನೂ ನೋಂದಾಯಿಸದವರು ಆಧಾರ್ ಹಾಗೂ ವಿದ್ಯುತ್ ಬಿಲ್ಲಿನಲ್ಲಿರುವ ಗ್ರಾಹಕರ ಖಾತೆ ಸಂಖ್ಯೆಯೊಂದಿಗೆ ಸೇವಾ ಸಿಂಧು ಪೋರ್ಟಲ್ ಇಲ್ಲವೆ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳನ್ನು ಸಂಪರ್ಕಿಸಬಹುದು. ವಿಚಾರಣೆಗೆ 1912 ಸಹಾಯವಾಣಿ ಇದೆ. ಮೀಟರು ಇಂದಿಗೂ ತೀರಿಹೋದ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ಉಪವಿಭಾಗದ ಕಚೇರಿಯಲ್ಲಿ ಹೆಸರು ಬದಲಾವಣೆ ಮಾಡಿಸಿಕೊಳ್ಳುವುದು ಎಲ್ಲ ರೀತಿಯಿಂದಲೂ ಒಳಿತು. ಮನೆಗೂ ಅಂಗಡಿಗೂ ಒಂದೇ ಮೀಟರಿದ್ದರೆ ಇದೇ ತಿಂಗಳು ಎರಡನೆಯದಕ್ಕೆ ಅರ್ಜಿ ಕೊಡಬೇಕು.

ಶೂನ್ಯ ಬಿಲ್ಲು ಎಂದರೆ ಬೆಲೆಯಿಲ್ಲದ ವಿದ್ಯುತ್ ಎಂದಲ್ಲ. ರಾಜ್ಯ ಸರ್ಕಾರವು ಯಾವುದೇ ವರ್ಗಕ್ಕೆ ರಿಯಾಯಿತಿ ಘೋಷಿಸಿದರೆ ಅದರ ಹಣವನ್ನು ವಿದ್ಯುತ್ ಕಂಪನಿಗೆ ಮುಂಗಡವಾಗಿ ತುಂಬಬೇಕೆಂದು 2003ರ ಕಾಯ್ದೆಯ 65ನೇ ಕಲಮು ವಿಧಿಸುತ್ತದೆ. ಆ ಹಣ ಬರುವುದು ನಾವು ನೀವು ಕಟ್ಟುವ ತೆರಿಗೆಯಿಂದಲೇ.

ವ್ಯಾಪಾರ ಬೇರೆ, ವ್ಯಾಪಾರಿ ಬೇರೆ ಎಂಬುದು ಲೆಕ್ಕಶಾಸ್ತ್ರದ ಮೊದಲ ಪಾಠ. ಅಂಗಡಿಯ ಹಣದಿಂದ ಮನೆಗೆ ಕಾಯಿಪಲ್ಲೆ ತಂದರೂ ಅದನ್ನು ಮಾಲೀಕನ ಖಾತೆಗೆ ಬರೆಯುವವರು ನಾವು. ಪುಸ್ತಕದಲ್ಲಿ ಪಾಲಿಸುವ ಆ ಶಿಸ್ತನ್ನು ಮೀಟರಿಗೂ ವಿಸ್ತರಿಸಿದರೆ ಮನೆಗೆ ಬರಬೇಕಾದ ನೆರವು ಮನೆಗೆ, ಉದ್ದಿಮೆಗೆ ಬರಬೇಕಾದ ನೆರವು ಉದ್ದಿಮೆಗೆ ಬರುತ್ತದೆ, ಮತ್ತು ತಪಾಸಣೆಯ ಅಧಿಕಾರಿ ಬಾಗಿಲಿಗೆ ಬಂದಾಗ ಯಾರೂ ಗಾಬರಿಯಾಗಬೇಕಾದ ಪ್ರಸಂಗ ಬರುವುದಿಲ್ಲ. ನಮ್ಮ ವರ್ತಕ ಬಾಂಧವರು ತಮ್ಮ ಮನೆಯ ಮೀಟರಿನೊಂದಿಗೆ ತಮ್ಮ ಬಾಡಿಗೆದಾರರ, ಕೆಲಸಗಾರರ ಮನೆಯ ಮೀಟರುಗಳನ್ನೂ ಒಮ್ಮೆ ವಿಚಾರಿಸಿ ನೋಡಲಿ ಎಂದು ವಿನಂತಿ.